ಬತ್ತಿಯ ಗಾತ್ರ, ಎಣ್ಣೆಯ ಅಳತೆ

ನಮ್ಮ ಬಾಲ್ಯದ ಮನೆಯಲ್ಲಿ ಸಂಜೆಯ ಕಂದೀಲಿಗೆ ಎಣ್ಣೆ ಹಾಕುವ ಕೆಲಸ ನಮ್ಮ ಅಕ್ಕನವರದಾಗಿತ್ತು. ಗಾಜಿನ ಬುರುಡೆಯನ್ನು ಬೂದಿಯಿಂದ ತಿಕ್ಕಿ ಒರೆಸಿ, ಬತ್ತಿಯ ಕರಿಮೊನೆಯನ್ನು ಕತ್ತರಿಸಿ, ಸೀಮೆಎಣ್ಣೆಯನ್ನು ಅಳೆದು ಸುರಿಯುತ್ತಿದ್ದರು. ಮನೆಗೆ ಬೀಗರು ಬರುವ ದಿನ ಬತ್ತಿಯನ್ನು ಮೇಲಕ್ಕೇರಿಸಬೇಕಾಗುತ್ತಿತ್ತು; ಬತ್ತಿ ಏರಿದರೆ ಎಣ್ಣೆ ಬೇಗ ತೀರುವುದೆಂದು ಅರಿತು ಆ ದಿನ ಮೊದಲೇ ಒಂದು ಚಟಾಕು ಹೆಚ್ಚು ಹಾಕುತ್ತಿದ್ದರು. ನಡುರಾತ್ರಿ ಕಂದೀಲು ಆರಿದ್ದನ್ನು ನಾವು ಒಂದು ದಿನವೂ ಕಾಣಲಿಲ್ಲ. ಬೆಳಕು ಎಷ್ಟು ಬೇಕು ಎಂಬುದು ಒಂದು ಪ್ರಶ್ನೆ, ಎಷ್ಟು ಹೊತ್ತು ಬೇಕು ಎಂಬುದು ಇನ್ನೊಂದು ಪ್ರಶ್ನೆ ಎಂಬ ಭೇದವನ್ನು ಅವರಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

ಆ ಅಕ್ಕನವರಿಗೇ ಇಷ್ಟು ವರ್ಷಗಳ ತರುವಾಯ ನಾವು ಒಂದು ವಿದ್ಯುತ್ ಪೆಟ್ಟಿಗೆಯನ್ನು ಕೊಂಡು ಒಯ್ದೆವು. ಕೊಳ್ಳುವಾಗ ಈ ಭೇದವನ್ನೇ ಮರೆತೆವು. ಅದರ ಫಲ ಏನಾಯಿತೆಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ. ಇಂದು ಅನೇಕ ಕುಟುಂಬಗಳು ಇಂತಹ ಪೆಟ್ಟಿಗೆಗಳನ್ನು ಕೊಳ್ಳುತ್ತಿವೆ. ಕೊಳ್ಳುವವರಲ್ಲಿ ಬಹುಜನರು ನಮ್ಮಂತೆಯೇ ಹೊರಗೆ ಮುದ್ರಿಸಿದ ದೊಡ್ಡ ಅಂಕಿಯನ್ನು ನೋಡಿ ಹಣ ಎಣಿಸುವವರು.

ಅಕ್ಕನವರು ಗದಗ ಜಿಲ್ಲೆಯ ರೋಣ ತಾಲೂಕಿನ ಒಂದು ಗ್ರಾಮದಲ್ಲಿ ಮಗನ ಮನೆಯಲ್ಲಿದ್ದಾರೆ. ಅರ್ಧ ಶತಮಾನ ಸೌದೆಯ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದವರು. ಆ ಹೊಗೆಯು ಅವರ ಶ್ವಾಸಕೋಶಗಳಲ್ಲಿ ಉಳಿದುಬಿಟ್ಟಿತು. 2022ರಲ್ಲಿ ವೈದ್ಯರು ರಾತ್ರಿಯ ವೇಳೆ ನಿಮಿಷಕ್ಕೆ 2 ಲೀಟರಿನಂತೆ ಆಮ್ಲಜನಕ ಕೊಡಬೇಕೆಂದು ವಿಧಿಸಿದರು. ಗಾಳಿಯೊಳಗಿನ ಸಾರಜನಕವನ್ನು ಸೋಸಿ ಆಮ್ಲಜನಕವನ್ನು ಮಾತ್ರ ಮೂಗಿನ ನಳಿಕೆಗೆ ಕಳಿಸುವ ಕಾನ್ಸಂಟ್ರೇಟರ್ ಎಂಬ ಯಂತ್ರ ಮನೆಗೆ ಬಂದಿತು. ಯಂತ್ರವು ವಿದ್ಯುತ್ತಿನಿಂದ ನಡೆಯುವಂಥದು. ವಿದ್ಯುತ್ತು ಹೋದರೆ? ಆ ಪ್ರಶ್ನೆಗೆ ಉತ್ತರವಾಗಿ ನಾವು ಹುಬ್ಬಳ್ಳಿಯ ಒಂದು ಅಂಗಡಿಯಿಂದ ಪೋರ್ಟಬಲ್ ಪವರ್ ಸ್ಟೇಷನ್ ಎಂಬ ಪೆಟ್ಟಿಗೆಯನ್ನು ತಂದೆವು. ಹಿಡಿಕೆಯುಳ್ಳ, ಆರೇಳು ಕಿಲೋ ತೂಗುವ, ಒಳಗೆ ಲಿಥಿಯಂ ಬ್ಯಾಟರಿ ಮತ್ತು ಇನ್ವರ್ಟರ್ ಎರಡನ್ನೂ ಅಡಗಿಸಿಕೊಂಡ ಪೆಟ್ಟಿಗೆ. ಗೋಡೆಯ ಪ್ಲಗ್ಗಿನಿಂದ ತುಂಬಿಸಿಟ್ಟರೆ ಬೇಕಾದಾಗ ಅದೇ ಬಗೆಯ ಪ್ಲಗ್ಗಿನಿಂದ ವಿದ್ಯುತ್ತನ್ನು ಹಿಂದಿರುಗಿಸುತ್ತದೆ. ಅದರ ಮೇಲೆ '500 ವ್ಯಾಟ್' ಎಂದು ದಪ್ಪಕ್ಷರಗಳಲ್ಲಿತ್ತು. ಯಂತ್ರದ ಬೆನ್ನಿನ ಮೇಲೆ ಸುಮಾರು 340 ವ್ಯಾಟ್ ಎಂದಿತ್ತು. ಐನೂರರಲ್ಲಿ ಮುನ್ನೂರನಲವತ್ತು ಸುಖವಾಗಿ ಅಡಗುವುದೆಂದು ನಾವು ಸಂತುಷ್ಟರಾದೆವು.

2023ರ ಮೇ ತಿಂಗಳ ಒಂದು ರಾತ್ರಿ ಅಡ್ಡಮಳೆಯ ಗಾಳಿಗೆ ಬೇವಿನ ಮರ ತಂತಿಯ ಮೇಲೆ ಬಿದ್ದು ಊರಿನ ವಿದ್ಯುತ್ತು ಹೋಯಿತು. ಆಗ 9 ಗಂಟೆ. ನಾವೂ ಅಂದು ಅಲ್ಲಿಯೇ ಇದ್ದೆವು. ಪೆಟ್ಟಿಗೆಯು ಯಂತ್ರವನ್ನು ನಡೆಸಿತು. ನಾವು ನಮ್ಮ ಜಾಣತನವನ್ನು ನಾವೇ ಮೆಚ್ಚಿಕೊಂಡು ಮಲಗಲು ಹೊರಟಿದ್ದೆವು. ಹತ್ತೂಕಾಲಿಗೆ ಪೆಟ್ಟಿಗೆಯ ದೀಪ ಆರಿತು, ಯಂತ್ರ ಕೂಗಿಕೊಂಡು ನಿಂತಿತು. "ಗಾಬರಿ ಆಗಬ್ಯಾಡೋ ತಮ್ಮಾ" ಎಂದು ಅಕ್ಕನವರು ಹೇಳಿದರು. ಆ ಮೂರು ಮಾತುಗಳ ನಡುವೆ ಎರಡು ಬಾರಿ ಉಸಿರೆಳೆದುಕೊಂಡರು. ಮಳೆಯಲ್ಲಿಯೇ ಜೀಪು ಮಾಡಿಕೊಂಡು ಗದಗಿನ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವರ ತುಟಿಯ ಬಣ್ಣವನ್ನು ಬ್ಯಾಟರಿಯ ಬೆಳಕಿನಲ್ಲಿ ನೋಡುತ್ತ ಕುಳಿತ ಆ ಒಂದು ಗಂಟೆಯನ್ನು ವರ್ಣಿಸುವ ಇಚ್ಛೆ ನಮಗಿಲ್ಲ. ಬದುಕಿದರು. ಊರಿಗೆ ವಿದ್ಯುತ್ತು ಬಂದದ್ದು ಬೆಳಗಿನ 4 ಗಂಟೆಗೆ.

ಎರಡು ಅಂಕಿಗಳು

ಅಕ್ಕನವರ ಮೊಮ್ಮಗಳು ಹುಬ್ಬಳ್ಳಿಯಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದುವ ಹುಡುಗಿ. ಮರುದಿನ ಬಂದವಳು ಪೆಟ್ಟಿಗೆಯನ್ನು ತಿರುಗಿಸಿ ಅಡಿಯ ಚೀಟಿಯನ್ನು ಓದಿ, "ಅಜ್ಜಾರ, ನೀವು ವ್ಯಾಟ್ ಅಷ್ಟ ಓದೀರಿ, ಅದರ ಕೆಳಗಿನ ವ್ಯಾಟ್ ಅವರ್ ಓದಿಲ್ಲ" ಎಂದಳು. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮಾತ್ರೆಗಳನ್ನು ಎಣಿಸುತ್ತ ಮಠದ ಪಾಠಶಾಲೆಯಲ್ಲಿ ಎಷ್ಟೋ ವರ್ಷ ಕಳೆದ ನಮಗೆ ಒಂದು ಚೀಟಿಯ ಎರಡು ಸಾಲುಗಳನ್ನು ಪೂರ್ಣವಾಗಿ ಓದುವ ತಾಳ್ಮೆ ಇರಲಿಲ್ಲವೆಂಬುದು ಲಜ್ಜೆಯ ಸಂಗತಿ.

ಅವಳು ತಿಳಿಸಿದ್ದನ್ನು ನಾವು ಕಂದೀಲಿನ ಭಾಷೆಯಲ್ಲಿ ಹೇಳುತ್ತೇವೆ. ವ್ಯಾಟ್ ಎಂಬುದು ಬತ್ತಿಯ ಗಾತ್ರ. ಒಂದು ಗಳಿಗೆಯಲ್ಲಿ ಎಷ್ಟು ಉರಿಯಬಲ್ಲದು ಎಂಬುದರ ಅಳತೆ. ವ್ಯಾಟ್-ಅವರ್ ಎಂಬುದು ಬುಡದಲ್ಲಿರುವ ಎಣ್ಣೆ. 100 ವ್ಯಾಟಿನ ಉಪಕರಣವು ಒಂದು ಗಂಟೆ ನಡೆದರೆ 100 ವ್ಯಾಟ್-ಅವರ್ ತೀರುತ್ತದೆ. ಇದು ಅಪರಿಚಿತ ಮಾನವೇನೂ ಅಲ್ಲ: ತಿಂಗಳ ಬಿಲ್ಲಿನಲ್ಲಿ ಬರುವ ಒಂದು 'ಯುನಿಟ್' ಎಂದರೆ 1000 ವ್ಯಾಟ್-ಅವರ್. ನಮ್ಮ ಪೆಟ್ಟಿಗೆಯ ಬತ್ತಿ 500 ವ್ಯಾಟ್, ಎಣ್ಣೆ 500 ವ್ಯಾಟ್-ಅವರ್, ಅಂದರೆ ಅರ್ಧ ಯುನಿಟ್. ಆ ಎಣ್ಣೆಯೂ ಪೂರ್ಣವಾಗಿ ಬತ್ತಿಗೆ ಬರುವುದಿಲ್ಲ. ಬ್ಯಾಟರಿಯ ನೇರ ವಿದ್ಯುತ್ತನ್ನು ಮನೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವಾಗ ಸುಮಾರು ನೂರಕ್ಕೆ ಹದಿನೈದು ಭಾಗ ಶಾಖವಾಗಿ ನಷ್ಟವಾಗುತ್ತದೆ. ಉಳಿದದ್ದು 425. ಅದನ್ನು 340ರಿಂದ ಭಾಗಿಸಿದರೆ ಒಂದೂಕಾಲು ಗಂಟೆ. ಒಂಬತ್ತಕ್ಕೆ ಹೋದ ವಿದ್ಯುತ್ತು, ಹತ್ತೂಕಾಲಿಗೆ ಆರಿದ ದೀಪ. ಪೆಟ್ಟಿಗೆಯು ತನ್ನ ಮಾತನ್ನು ನಿಮಿಷ ತಪ್ಪದೆ ನಡೆಸಿಕೊಟ್ಟಿತ್ತು.

ಆದುದರಿಂದ ಕೊಳ್ಳುವವರು ಮೊದಲು ಅಂಗಡಿಗೆ ಹೋಗಬಾರದು, ಒಂದು ಹಾಳೆಯನ್ನು ತೆಗೆದುಕೊಂಡು ಮನೆಯಲ್ಲಿಯೇ ಕುಳಿತುಕೊಳ್ಳಬೇಕು. ವಿದ್ಯುತ್ತು ಹೋದಾಗ ನಡೆಯಲೇಬೇಕಾದವು ಯಾವುವು, ಎಷ್ಟು ಗಂಟೆ? ಎಲ್.ಇ.ಡಿ. ಬಲ್ಬಿಗೆ 9 ವ್ಯಾಟ್. ಹಳೆಯ ಬಗೆಯ ಸೀಲಿಂಗ್ ಫ್ಯಾನಿಗೆ 70ರಿಂದ 75, ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಫ್ಯಾನಿಗೆ 30ರ ಆಸುಪಾಸು. ಇಂಟರ್ನೆಟ್ಟಿನ ರೂಟರಿಗೆ 10, ಲ್ಯಾಪ್‌ಟಾಪಿಗೆ 50ರಿಂದ 60. ಒಂದು ಮೊಬೈಲನ್ನು ಪೂರ್ಣ ತುಂಬಲು ಸುಮಾರು 20 ವ್ಯಾಟ್-ಅವರ್ ಸಾಕು. ಇಲ್ಲಿಯವರೆಗೆ ಎಲ್ಲವೂ ಸಣ್ಣ ಬತ್ತಿಗಳೇ. ಶಾಖವನ್ನು ಉಂಟುಮಾಡುವ ಉಪಕರಣಗಳ ಕಡೆಗೆ ತಿರುಗಿದೊಡನೆ ಲೆಕ್ಕವು ಬುಡಮೇಲಾಗುತ್ತದೆ. ಇಸ್ತ್ರಿ ಪೆಟ್ಟಿಗೆಗೆ 1000, ಇಂಡಕ್ಷನ್ ಒಲೆಗೆ 2000, ಗೀಸರಿಗೆ 2000ದಿಂದ 3000. ಗೀಸರನ್ನು ಬ್ಯಾಟರಿಯ ಮೇಲೆ ನಡೆಸಬೇಕೆನ್ನುವವರಿಗೆ ಒಂದು ಹರೆ ಕಟ್ಟಿಗೆಯನ್ನು ಕೊಳ್ಳಿರೆಂದು ಹೇಳುವುದೇ ಲೇಸು.

ಉಪಕರಣದ ಮೇಲಿನ ಚೀಟಿ ಅಳಿಸಿಹೋಗಿದ್ದರೆ ಅದನ್ನು ಅಳೆಯುವ ಒಂದು ಉಪಾಯವನ್ನು ಆ ಹುಡುಗಿ ತೋರಿಸಿದಳು. ಕಾಸಿನ ಖರ್ಚಿಲ್ಲದ ಉಪಾಯ. ಈಗಿನ ವಿದ್ಯುತ್ ಮೀಟರುಗಳಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯುನಿಟ್ಟಿಗೆ ಅದು ಎಷ್ಟು ಬಾರಿ ಮಿನುಗುವುದೆಂಬುದನ್ನು ಮೀಟರಿನ ಮುಖದ ಮೇಲೆಯೇ, 1600 ಎಂದೋ 3200 ಎಂದೋ, ಮುದ್ರಿಸಿರುತ್ತಾರೆ. ಮನೆಯ ಎಲ್ಲವನ್ನೂ ಆರಿಸಿ ಅಳೆಯಬೇಕಾದ ಉಪಕರಣವೊಂದನ್ನೇ ನಡೆಸಿ, ಒಂದು ನಿಮಿಷದಲ್ಲಿ ಎಷ್ಟು ಮಿನುಗಿತೆಂದು ಎಣಿಸಬೇಕು. 3200ರ ಮೀಟರಿನಲ್ಲಿ ಪ್ರತಿ ಮಿನುಗೂ ನಿಮಿಷದ ಲೆಕ್ಕದಲ್ಲಿ ಸುಮಾರು 19 ವ್ಯಾಟಿಗೆ ಸಮ. ಅಕ್ಕನವರ ಯಂತ್ರವು ನಿಮಿಷಕ್ಕೆ 18 ಬಾರಿ ಮಿನುಗಿಸಿತು: 340 ವ್ಯಾಟಿಗೆ ಸ್ವಲ್ಪ ಕಡಿಮೆ. ನಿಮಿಷಕ್ಕೆ 5 ಲೀಟರ್ ಕೊಡಬಲ್ಲ ಯಂತ್ರವನ್ನು 2 ಲೀಟರಿಗೆ ಇಳಿಸಿಟ್ಟರೆ ವಿದ್ಯುತ್ತೂ ಅರ್ಧವಾಗುವುದೆಂದು ನಾವು ಎಣಿಸಿದ್ದೆವು. ಹಾಗಾಗಲಿಲ್ಲ, ಒಳಗಿನ ಕಂಪ್ರೆಸರ್ ಹೆಚ್ಚುಕಡಿಮೆ ಅಷ್ಟೇ ದುಡಿಯುತ್ತಿರುತ್ತದೆ.

ಫ್ರಿಜ್ಜಿನ ವಿಷಯದಲ್ಲಿ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. ಅದು ಇಡೀ ದಿನ ಸಮನಾಗಿ ಓಡುವುದಿಲ್ಲ. ನಿಂತು ನಿಂತು ಓಡುತ್ತದೆ. ಅದರ ನಕ್ಷತ್ರಗಳ ಚೀಟಿಯ ಮೇಲೆ ವರ್ಷದ ಯುನಿಟ್ಟುಗಳನ್ನು ಮುದ್ರಿಸಿರುತ್ತಾರೆ. 219 ಎಂದಿದ್ದರೆ ದಿನಕ್ಕೆ 0.6 ಯುನಿಟ್. ಆದರೆ ಕಂಪ್ರೆಸರ್ ಹೊರಡುವ ಆ ಒಂದು ಕ್ಷಣದಲ್ಲಿ ಅದು ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಬೇಡುತ್ತದೆ. ಓಡುವಾಗ 120 ವ್ಯಾಟ್ ಮಾತ್ರ ಬೇಕಾದ ಫ್ರಿಜ್ಜು ಹೊರಡುವಾಗ 500 ವ್ಯಾಟಿನ ಪೆಟ್ಟಿಗೆಯನ್ನು ಕೆಡವಿಬಿಡಬಹುದು. ಮೋಟಾರುಗಳೆಲ್ಲದರ ಸ್ವಭಾವವೂ ಇದೇ. 1 ಅಶ್ವಶಕ್ತಿಯೆಂದರೆ 746 ವ್ಯಾಟ್ ಎಂದು ಪುಸ್ತಕದಲ್ಲಿ ಓದಿ ನೀರಿನ ಪಂಪನ್ನು 1000 ವ್ಯಾಟಿನ ಪೆಟ್ಟಿಗೆಗೆ ಜೋಡಿಸಹೊರಟವರು ನಿರಾಶರಾಗುತ್ತಾರೆ. ಇನ್ನು ಇನ್ಸುಲಿನ್ ಇಟ್ಟಿದ್ದೇವೆ, ಆದ್ದರಿಂದ ಫ್ರಿಜ್ಜು ನಡೆಯಲೇಬೇಕು ಎನ್ನುವವರಿದ್ದಾರೆ. ಬಾಗಿಲನ್ನು ತೆರೆಯದೆ ಇಟ್ಟರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತನ್ನ ತಂಪನ್ನು ಕಾಪಾಡಿಕೊಳ್ಳುತ್ತದೆ. ಮಕ್ಕಳು ಮೇಲಿಂದ ಮೇಲೆ ತೆರೆಯದಂತೆ ನೋಡಿಕೊಂಡರೆ ಅಷ್ಟು ಹೊತ್ತಿಗಾಗಿ ಬ್ಯಾಟರಿ ಬೇಕಿಲ್ಲ.

ಪ್ರತಿಯೊಂದರ ವ್ಯಾಟನ್ನು ಗಂಟೆಯಿಂದ ಗುಣಿಸಿ ಕೂಡಿಸಿ, 0.85ರಿಂದ ಭಾಗಿಸಿ, ಬ್ಯಾಟರಿಯು ವರ್ಷಗಳು ಕಳೆದಂತೆ ಕುಗ್ಗುವುದರಿಂದ ಐದನೆಯ ಒಂದು ಭಾಗವನ್ನು ಸೇರಿಸಿದರೆ ಬೇಕಾದ ಎಣ್ಣೆಯ ಅಳತೆ ಸಿಗುತ್ತದೆ. ಒಂದೇ ಕಾಲಕ್ಕೆ ನಡೆಯುವ ಉಪಕರಣಗಳ ವ್ಯಾಟುಗಳನ್ನು ಕೂಡಿಸಿ, ಮೋಟಾರು ಹೊರಡುವ ಹೊರೆಯನ್ನೂ ಸೇರಿಸಿದರೆ ಬತ್ತಿಯ ಅಳತೆ ಸಿಗುತ್ತದೆ. ಎರಡೂ ಒಪ್ಪಬೇಕು. ಒಂದು ಒಪ್ಪಿ ಇನ್ನೊಂದು ಒಪ್ಪದ ಪೆಟ್ಟಿಗೆ ನಮ್ಮ ಪಾಲಿಗೆ ಪೆಟ್ಟಿಗೆಯೇ ಅಲ್ಲ.

ಅಂಗಡಿಯ ಭಾಷೆ

ಅಂಗಡಿಯಲ್ಲಿ ಈ ಎರಡು ಅಂಕಿಗಳು ಬೇರೆ ಬೇರೆ ವೇಷಗಳಲ್ಲಿ ಎದುರಾಗುತ್ತವೆ. ಪವರ್ ಬ್ಯಾಂಕಿನ ಮೇಲೆ 20,000 ಎಂಎಎಚ್ ಎಂದು ಬರೆದಿದ್ದರೆ ಬೆರಗಾಗಬೇಕಿಲ್ಲ. ಅದನ್ನು ಒಳಗಿನ ಕೋಶದ 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಬರುವುದು 74 ವ್ಯಾಟ್-ಅವರ್ ಮಾತ್ರ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಸಾಮಾನ್ಯವಾಗಿ ಒಪ್ಪುವ ಮಿತಿ 100 ವ್ಯಾಟ್-ಅವರ್, ಕಂಪನಿಯ ಅನುಮತಿ ಪಡೆದರೆ 160; ಆದುದರಿಂದ ನಾವು ಹೇಳುತ್ತಿರುವ ಪೆಟ್ಟಿಗೆಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಮಕ್ಕಳ ಬಳಿಗೆ ದೂರದ ಊರಿಗೆ ಹೋಗುವ ವೃದ್ಧರು ಇದನ್ನು ಮೊದಲೇ ತಿಳಿದಿರಬೇಕು.

ನಾವು ಯುಪಿಎಸ್ ಎಂದು ಕರೆಯುವ ಮನೆಯ ಇನ್ವರ್ಟರಿನ ಮೇಲೆ ವ್ಯಾಟ್ ಇರುವುದಿಲ್ಲ, ವಿಎ ಇರುತ್ತದೆ. 900 ವಿಎ ಎಂದರೆ 900 ವ್ಯಾಟ್ ಅಲ್ಲ. ಸಾಮಾನ್ಯವಾಗಿ ಅದರ ನೂರಕ್ಕೆ ಎಂಬತ್ತರ ಸುಮಾರು, 720. ಜೊತೆಗೆ 'ಶುದ್ಧ ಸೈನ್ ತರಂಗ' ಎಂದಿದೆಯೇ ನೋಡಬೇಕು. ಅಗ್ಗದ ಚೌಕ ತರಂಗದ ಯುಪಿಎಸ್‌ಗಳಲ್ಲಿ ಫ್ಯಾನು ಗೊಣಗುತ್ತದೆ, ಮೋಟಾರು ಕಾಯುತ್ತದೆ. ರೋಗಿಯ ಯಂತ್ರವನ್ನು ಅವುಗಳಿಗೆ ಜೋಡಿಸಲೇಬಾರದು.

ಯುಪಿಎಸ್ ಜೊತೆಗೆ ಬರುವ ಸೀಸದ ಬ್ಯಾಟರಿಯ ಮೇಲೆ 12 ವೋಲ್ಟ್, 150 ಎಎಚ್ ಎಂದಿರುತ್ತದೆ. ಗುಣಿಸಿದರೆ 1800 ವ್ಯಾಟ್-ಅವರ್. ಈ ಲೆಕ್ಕವೂ ನಮ್ಮನ್ನು ಮೋಸಗೊಳಿಸುತ್ತದೆ. ಆ 150 ಎಂಬುದು ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗ ದೊರೆಯುವ ಅಂಕಿ. ಸಿ-20 ಎಂಬ ಗುರುತಿನ ಅರ್ಥ ಅದೇ. ಅವಸರದಿಂದ ಹೀರಿದರೆ ಸೀಸದ ಬ್ಯಾಟರಿ ಕಡಿಮೆ ಕೊಡುತ್ತದೆ. ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲಿಯೇ ಇದಕ್ಕೆ ಸೂತ್ರ ಬರೆದಿಟ್ಟ. ಹಸುವಿನ ಕೆಚ್ಚಲಿಗೂ ಈ ಗುಣವಿದೆಯೆಂದು ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬಲ್ಲರು. ಇದಲ್ಲದೆ ಸೀಸದ ಬ್ಯಾಟರಿಯನ್ನು ನಿತ್ಯವೂ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ.

ಲಿಥಿಯಂನಲ್ಲಿಯೂ ಪಂಗಡಗಳಿವೆ. ಕೊಳ್ಳುವವರು ಲಿಥಿಯಂ ಐರನ್ ಫಾಸ್ಫೇಟ್, ಸಂಕ್ಷೇಪವಾಗಿ ಎಲ್.ಎಫ್.ಪಿ., ಎಂಬುದನ್ನೇ ಕೇಳಬೇಕು. ಅದು ಶಾಖಕ್ಕೆ ಸುಲಭವಾಗಿ ಕೆರಳುವುದಿಲ್ಲ. ಎರಡು ಮೂರು ಸಾವಿರ ಬಾರಿ ತುಂಬಿ ಬರಿದು ಮಾಡಿದರೂ ಬಹುಪಾಲು ಶಕ್ತಿಯನ್ನು ಉಳಿಸಿಕೊಂಡಿರುತ್ತದೆ. ಈ ರಾಸಾಯನಿಕವನ್ನು ಬ್ಯಾಟರಿಗೆ ಬಳಸಬಹುದೆಂದು ಜಗತ್ತಿಗೆ ತಿಳಿಸಿದ 1997ರ ಪ್ರಬಂಧದಲ್ಲಿ ಮೂವರ ಹೆಸರುಗಳಿವೆ: ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ, ಜೆ. ಬಿ. ಗುಡ್‌ಇನಫ್. ಮೂರನೆಯವರು ಲಿಥಿಯಂ ಬ್ಯಾಟರಿಗಳ ಕಾರ್ಯಕ್ಕಾಗಿ 2019ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ಇನ್ನಿಬ್ಬರೊಡನೆ ನೊಬೆಲ್ ಪುರಸ್ಕಾರ ಪಡೆದರು. ನಡುವಿನ ಹೆಸರನ್ನು ಓದಿದಾಗ ನಮಗೆ ಪಕ್ಕದ ಮನೆಯವರನ್ನು ಕಂಡಷ್ಟು ಸಂತೋಷವಾಯಿತೆಂಬುದನ್ನು ಮುಚ್ಚಿಡುವುದೇಕೆ?

ದೊಡ್ಡದೇ ಉತ್ತರವೆ?

ಅಕ್ಕನವರ ವಿಷಯಕ್ಕೆ ಮರಳೋಣ. ಆ ರಾತ್ರಿಯ ನಂತರ ನಮ್ಮ ಮನಸ್ಸು ಇನ್ನೊಂದು ತುದಿಗೆ ಜಿಗಿಯಿತು. ರಾತ್ರಿ ಹತ್ತು ಗಂಟೆಗಳ ಕಾಲ ಯಂತ್ರ ನಡೆಯಬೇಕಾದರೆ 3400 ವ್ಯಾಟ್-ಅವರ್. ನಷ್ಟವನ್ನು ಸೇರಿಸಿದರೆ 4000, ಮುಪ್ಪಿನ ಪಾಲನ್ನೂ ಸೇರಿಸಿದರೆ 4800. ಅಷ್ಟು ದೊಡ್ಡ ಲಿಥಿಯಂ ಪೆಟ್ಟಿಗೆಯೇ ಬೇಕು, ಹೊಲದ ಫಸಲಿನ ಹಣವೆಲ್ಲ ಹೋದರೂ ಚಿಂತೆಯಿಲ್ಲ ಎಂದು ಅಳಿಯನೊಡನೆ ನಿಶ್ಚಯಿಸಿಯೂ ಆಗಿತ್ತು. ತಡೆದವರು ಗದಗಿನ ವೈದ್ಯರು. ಪೆಟ್ಟಿಗೆ ಎಷ್ಟೇ ದೊಡ್ಡದಾದರೂ ಯಂತ್ರವೇ ಕೆಟ್ಟರೆ ಏನು ಮಾಡುವಿರಿ ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬಿ ಮಾದರಿಯ ಒಂದು ಆಮ್ಲಜನಕದ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆಗೂ ಹೆಚ್ಚು. ಅದಕ್ಕೆ ವಿದ್ಯುತ್ತು ಬೇಡ. ನಾವು ವ್ಯಾಟ್-ಅವರ್‌ಗಳನ್ನು ಹುಡುಕುತ್ತಿದ್ದೆವು. ಅಕ್ಕನವರಿಗೆ ಬೇಕಾಗಿದ್ದುದು ಲೀಟರುಗಳು.

ಕೊನೆಗೆ ನಿಂತ ಏರ್ಪಾಡು ಹೀಗಿದೆ. ಯಂತ್ರ, ಎರಡು ಬಲ್ಬು, ಒಂದು ಹೊಸ ಬಗೆಯ ಫ್ಯಾನು ಸೇರಿ 390 ವ್ಯಾಟ್. ಅದು ನಾಲ್ಕು ಗಂಟೆ ನಡೆಯಬೇಕು. ಆ ಊರಿನಲ್ಲಿ ವಿದ್ಯುತ್ತು ಅದಕ್ಕಿಂತ ಹೆಚ್ಚು ಹೊತ್ತು ಹೋಗುವುದು ವರ್ಷಕ್ಕೆ ಕೆಲವೇ ಬಾರಿ. 150 ಎಎಚ್‌ನ ಒಂದು ಸೀಸದ ಬ್ಯಾಟರಿಯಾದರೆ ಈ ಹೊರೆಗೆ ಪೂರ್ತಿ ಬರಿದಾದರೂ ಮೂರು ಗಂಟೆ ದಾಟಲಾರದು. ಎರಡನ್ನು ಜೋಡಿಸಿದರೆ ಪ್ರತಿಯೊಂದರಿಂದಲೂ ನಿಧಾನವಾಗಿ ಹೀರುವುದರಿಂದ ಆರಲ್ಲ, ಆರೂವರೆ ಗಂಟೆಯ ಸಮೀಪಕ್ಕೆ ಹೋಗುತ್ತದೆ. ನಾಲ್ಕು ಗಂಟೆಗೆ ನೂರಕ್ಕೆ ಅರವತ್ತು ಮಾತ್ರ ಖರ್ಚು. ಆದ್ದರಿಂದ ಎರಡು ಬ್ಯಾಟರಿ, 24 ವೋಲ್ಟಿನ ಶುದ್ಧ ಸೈನ್ ತರಂಗದ ಯುಪಿಎಸ್. ಹೊತ್ತು ತಿರುಗುವ ಅಗತ್ಯ ಅಲ್ಲಿ ಇಲ್ಲದ್ದರಿಂದ ಐವತ್ತು ಅರವತ್ತು ಕಿಲೋ ತೂಗುವ ಬ್ಯಾಟರಿಗಳು ತೊಡಕಾಗಲಿಲ್ಲ. ನಾಲ್ಕು ಗಂಟೆಗಳ ನಂತರ ಸಿಲಿಂಡರು. ಯಂತ್ರವನ್ನು ಬಿಟ್ಟು ಸಿಲಿಂಡರಿಗೆ ಬದಲಾಯಿಸುವ ಕ್ರಮವನ್ನು ವೈದ್ಯರ ಸಮ್ಮುಖದಲ್ಲಿಯೇ ಮನೆಯ ಮೂವರು ಕಲಿತರು; ಆಮ್ಲಜನಕದ ಪ್ರಮಾಣವನ್ನು ಮಾತ್ರ ನಾವಾರೂ ಸ್ವಂತ ಬುದ್ಧಿಯಿಂದ ಏರಿಳಿಸುವುದಿಲ್ಲ.

ಇವುಗಳನ್ನು ಇಡುವ ಸ್ಥಳದ ಬಗ್ಗೆ ಮನೆಯಲ್ಲಿ ಸ್ವಲ್ಪ ಜಗಳವೂ ಆಯಿತು. ಸೀಸದ ಬ್ಯಾಟರಿಗೆ ವಿದ್ಯುತ್ತು ತುಂಬುವಾಗ ಅದರಿಂದ ಜಲಜನಕ ಹೊರಬರುತ್ತದೆ, ಅದು ಕಿಡಿಗೆ ಹೊತ್ತಿಕೊಳ್ಳುವ ಅನಿಲ. ಆಮ್ಲಜನಕವು ತಾನು ಉರಿಯದಿದ್ದರೂ ಸುತ್ತಲಿನದನ್ನು ಭೀಕರವಾಗಿ ಉರಿಸುತ್ತದೆ. ಸೊಸೆ ಎರಡನ್ನೂ ದೇವರ ಕೋಣೆಯ ಮೂಲೆಯಲ್ಲಿ ಇಡೋಣವೆಂದಿದ್ದಳು. ಅಲ್ಲಿ ನಿತ್ಯ ದೀಪ ಉರಿಯುತ್ತದೆ. ಈಗ ಬ್ಯಾಟರಿಗಳು ಗಾಳಿಯಾಡುವ ಪಡಸಾಲೆಯ ಹೊರಬದಿಯಲ್ಲಿಯೂ, ಸಿಲಿಂಡರು ದೀಪ, ಒಲೆ, ಬೀಡಿ ಸೇದುವವರು ಯಾರೂ ಸುಳಿಯದ ಅಕ್ಕನವರ ಕೋಣೆಯಲ್ಲಿಯೂ ಇವೆ. ಬ್ಯಾಟರಿಯ ನೀರು ಎಂದು ಮಾರುವ ಶುದ್ಧ ಜಲವನ್ನು ತಪ್ಪದೆ ಹಾಕುವ ಹೊಣೆ ಅಳಿಯನದು.

ಆ ಸಣ್ಣ ಪೆಟ್ಟಿಗೆಯು ಈಗ ಧಾರವಾಡದಲ್ಲಿ ನಮ್ಮ ಓದುವ ಕೋಣೆಯಲ್ಲಿದೆ. ಎರಡು ಬಲ್ಬು, ಒಂದು 30 ವ್ಯಾಟಿನ ಫ್ಯಾನು, ಒಂದು ರೂಟರು ಸೇರಿ 58 ವ್ಯಾಟ್. ಅಕ್ಕನವರಿಗೆ ಒಂದೂಕಾಲು ಗಂಟೆ ಆಸರೆಯಾದ ಅದೇ ಪೆಟ್ಟಿಗೆ ನಮಗೆ ಏಳು ಗಂಟೆಗಳ ಬೆಳಕು ಕೊಡುತ್ತದೆ. ಬಳಸದೆ ಇಡುವ ತಿಂಗಳುಗಳಲ್ಲಿ ಅದನ್ನು ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ಬಿಸಿಲು ಬೀಳದ ಕಡೆ ಇಟ್ಟು, ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಿಸುತ್ತೇವೆ. ಮೊಬೈಲು ಮಾತ್ರ ತುಂಬುವಾಗ ಅದರ 230 ವೋಲ್ಟಿನ ಗುಂಡಿಯನ್ನು ಆರಿಸಿಡಬೇಕು. ಇಲ್ಲವಾದರೆ ಒಳಗಿನ ಇನ್ವರ್ಟರ್ ಯಾವ ಕೆಲಸವೂ ಇಲ್ಲದೆ ಗಂಟೆಗೆ ಹತ್ತಿಪ್ಪತ್ತು ವ್ಯಾಟ್-ಅವರ್ ತಿಂದುಹಾಕುತ್ತದೆ. 100 ವ್ಯಾಟಿನ ಒಂದು ಸೌರಫಲಕವನ್ನು ಜೋಡಿಸಿದ್ದೇವೆ. ಒಳ್ಳೆಯ ಬಿಸಿಲಿನ ದಿನ ಅದು 350ರಿಂದ 400 ವ್ಯಾಟ್-ಅವರ್ ಕೊಡುತ್ತದೆ. ಆಷಾಢದ ಮೋಡದಲ್ಲಿ ಅದನ್ನು ನಂಬುವಂತಿಲ್ಲ.

ಅಕ್ಕನವರ ಮನೆಯಲ್ಲಿ ಪ್ರತಿ ಅಮಾವಾಸ್ಯೆಯ ಸಂಜೆ ಮುಖ್ಯ ಸ್ವಿಚ್ಚನ್ನು ಆರಿಸಿ ಅರ್ಧ ಗಂಟೆ ಯಂತ್ರವನ್ನು ಯುಪಿಎಸ್ ಮೇಲೆ ನಡೆಸಿ ನೋಡುತ್ತಾರೆ, ಸಿಲಿಂಡರಿನ ಮುಳ್ಳನ್ನೂ ಓದುತ್ತಾರೆ. ಹಾಸಿಗೆಯ ಪಕ್ಕದ ಗೋಡೆಗೆ ಮೊಮ್ಮಗಳು ಅಂಟಿಸಿದ ಚೀಟಿಯಿದೆ: "ಕರೆಂಟು ಹೋದರ ನಾಕು ತಾಸು ಯುಪಿಎಸ್. ಮುಂದ ಸಿಲಿಂಡರ್. ಅದರ ಮುಳ್ಳು ಕಾಲುಭಾಗಕ್ಕ ಬಂದರ ಗದಗಿಗೆ ಫೋನು." ಕಳೆದ ಅಮಾವಾಸ್ಯೆಗೆ ನಾವು ಹೋಗಿದ್ದಾಗ ಅಳಿಯನು ಸ್ವಿಚ್ಚು ಆರಿಸಿದ ಗಳಿಗೆಯನ್ನು ಅಕ್ಕನವರು ತಾವೇ ಗಡಿಯಾರ ನೋಡಿ ಹಾಳೆಯ ಮೇಲೆ ಬರೆದುಕೊಂಡರು. "ಬರೇ ಅರ್ಧ ತಾಸಿಗೆ ಎಷ್ಟ ಇಳೀತು ಅನ್ನೂದ ಬರದಿಡ್ರಿ, ಹೋದ ತಿಂಗಳದ್ದಕ್ಕ ತಾಳಿ ನೋಡೋಣು" ಎಂದು ಅವನಿಗೆ ಅಪ್ಪಣೆ ಮಾಡಿ ನಳಿಕೆಯನ್ನು ಸರಿಪಡಿಸಿಕೊಂಡರು.